ಪಾರ್ಕಿನ್ಸನ್ ಇರುವ ಹಿರಿಯರಿಗೆ ಇಲ್ಲದವರು ಕಂಡಾಗ

ಎರಡು ವರ್ಷದ ಹಿಂದಿನ ಮಾತು. ಜುಲೈ ತಿಂಗಳು, ಜೋರು ಮಳೆ. ನಮ್ಮ ಡೊಂಬಿವಿಲಿಯ ಮನೆಯಲ್ಲಿ ನಡುರಾತ್ರಿ ಅಪ್ಪಯ್ಯ ಎದ್ದು ಕೂತು ಅಮ್ಮನನ್ನು ಎಬ್ಬಿಸಿದರು. "ಆ ಮಕ್ಳಿಗೆ ಉಂಬುಕೆ ಹಾಕಿದ್ಯಾ?" ಅಂತ ಕೇಳಿದರು. ಕಬ್ಬಿಣದ ಕಪಾಟಿನ ಮೇಲೆ ಇಬ್ಬರು ಹುಡುಗರು ಕಾಲು ಇಳಿಬಿಟ್ಟು ಕೂತಿದ್ದರಂತೆ. ಖಾಕಿ ಚಡ್ಡಿ, ಬನಿಯನ್, ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ. ಅಪ್ಪಯ್ಯ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಫೋರ್ಟ್‌ನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಕೊನೆಗೆ ಗಲ್ಲೆಯಲ್ಲಿ ಕೂತವರು. ಆ ಹುಡುಗರು ಎಲ್ಲಿಂದ ಬಂದರು ಅಂತ ಊಹಿಸುವುದು ನಮಗೆ ಕಷ್ಟವಾಗಲಿಲ್ಲ.

ಅಮ್ಮ ಈ ಮಾತನ್ನು ಐದು ತಿಂಗಳು ಯಾರಿಗೂ ಹೇಳಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ನನಗೂ ಹೇಳಲಿಲ್ಲ. "ಜನ ಮರ್ಲ್ ಅಂಬ್ರ್", ಅಂದರೆ ಜನ ಹುಚ್ಚು ಅಂತಾರೆ ಎಂಬ ಹೆದರಿಕೆ ಅವರಿಗೆ. ಆ ಐದು ತಿಂಗಳು ನಮಗೆ ಬಹಳ ದುಬಾರಿಯಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಾರ್ಕಿನ್ಸನ್ ಇರುವ ಹಿರಿಯರಿಗೆ ಇಲ್ಲದ್ದು ಕಾಣುವುದು ಹುಚ್ಚಲ್ಲ, ಪ್ರೇತವೂ ಅಲ್ಲ. ಕಾಯಿಲೆ ಮತ್ತು ಅದರ ಔಷಧಿ ಎರಡೂ ಸೇರಿ ಮಾಡುವ ಕೆಲಸ ಅದು. ಅದಕ್ಕೆ ದಾರಿ ಇದೆ. ಆದರೆ ಆ ದಾರಿಯಲ್ಲಿ ಒಂದು ಕ್ರಮವಿದೆ. ಕ್ರಮ ತಪ್ಪಿ ಅವಸರದಲ್ಲಿ ಒಂದು ಮಾತ್ರೆ ಕೊಟ್ಟರೆ, ನಡೆದಾಡುವ ಮನುಷ್ಯ ಹಾಸಿಗೆ ಹಿಡಿಯಬಹುದು.

ನಮ್ಮಲ್ಲಿ ಪಾರ್ಕಿನ್ಸನ್ ಅಂದರೆ ಕೈ ನಡುಗುವ ಕಾಯಿಲೆ ಅಂತಲೇ ಎಲ್ಲರ ತಿಳಿವಳಿಕೆ. ಇದು ಹಳೇ ಕಥೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಮೊದಲು ಬರೆದಾಗ, ಇಂದ್ರಿಯಗಳಿಗೂ ಬುದ್ಧಿಗೂ ಏನೂ ಆಗುವುದಿಲ್ಲ ಅಂತ ಹೇಳಿಬಿಟ್ಟರು. ಅವರು ನೋಡಿದ್ದು ಆರೇ ಜನರನ್ನು, ಅದರಲ್ಲೂ ಕೆಲವರನ್ನು ಬೀದಿಯಲ್ಲಿ. ಆ ಒಂದು ಮಾತು ಬಹಳ ಕಾಲ ಉಳಿಯಿತು. ಈಗ ತಿಳಿದಿರುವುದು ಬೇರೆ. ಪಾರ್ಕಿನ್ಸನ್ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಭ್ರಮೆ ಕಾಣಿಸಿಕೊಳ್ಳುತ್ತದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷ ಬೆನ್ನುಹತ್ತಿ ನೋಡಿದರು. ಅಷ್ಟು ವರ್ಷ ಬದುಕಿ ಉಳಿದವರಲ್ಲಿ ಶೇಕಡಾ 74 ಮಂದಿಗೆ ಇಲ್ಲದ್ದು ಕಾಣುತ್ತಿತ್ತು, ಶೇಕಡಾ 83 ಮಂದಿಗೆ ಮರೆವಿನ ಕಾಯಿಲೆ ಬಂದಿತ್ತು. ಅಂದರೆ ಇದು ಎಲ್ಲೋ ಅಪರೂಪಕ್ಕೆ ಆಗುವ ವಿಚಿತ್ರವಲ್ಲ. ಕಾಯಿಲೆ ಹಳೆಯದಾದಂತೆ ಬರುವ ಸಾಧ್ಯತೆಯೇ ಜಾಸ್ತಿ.

ಮುಂಬಯಿಗೂ ಪಾರ್ಕಿನ್ಸನ್ನಿಗೂ ಒಂದು ನಂಟಿದೆ. ಇಲ್ಲಿನ ಪಾರ್ಸಿ ಕಾಲೊನಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯ ಫಲಿತಾಂಶ 1988ರಲ್ಲಿ ಬಂತು. ಲಕ್ಷಕ್ಕೆ ಸುಮಾರು 328 ಮಂದಿಗೆ ಪಾರ್ಕಿನ್ಸನ್ ಇತ್ತು. ಬೆಂಗಳೂರು ಸುತ್ತಮುತ್ತ ನಡೆದ ಸಮೀಕ್ಷೆಯಲ್ಲಿ ಸಿಕ್ಕಿದ್ದು ಲಕ್ಷಕ್ಕೆ 33. ಪಾರ್ಸಿಗಳಲ್ಲಿ ವಯಸ್ಸಾದವರೇ ಜಾಸ್ತಿ ಎಂಬುದು ಈ ಅಂತರಕ್ಕೆ ಒಂದು ದೊಡ್ಡ ಕಾರಣ. ನಮ್ಮ ಜನರಲ್ಲೂ ಈಗ ವಯಸ್ಸಾದವರು ಹೆಚ್ಚುತ್ತಿದ್ದಾರೆ. ಐವತ್ತು ಅರವತ್ತರ ದಶಕದಲ್ಲಿ ಹೋಟೆಲಿಗೆ, ಬ್ಯಾಂಕಿಗೆ, ಮಿಲ್ಲಿಗೆ ಅಂತ ಬಂದ ಕನ್ನಡದ ಹುಡುಗರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ಮಾಟುಂಗದ, ಮುಲುಂಡಿನ, ವಾಶಿಯ ಮನೆಗಳಲ್ಲಿ ಅವರು ಕೂತಿದ್ದಾರೆ.

ಭ್ರಮೆ ಶುರುವಾಗುವುದು ಬಹಳ ಮೆಲ್ಲಗೆ. ಕಣ್ಣಂಚಿನಲ್ಲಿ ಬೆಕ್ಕೊಂದು ಸರಕ್ಕನೆ ಹೋದ ಹಾಗೆ. ತಿರುಗಿ ನೋಡಿದರೆ ಇಲ್ಲ. ಬೆನ್ನ ಹಿಂದೆ ಯಾರೋ ನಿಂತ ಹಾಗೆ. ಬಾಗಿಲ ಹಿಂದೆ ತೂಗುಹಾಕಿದ ರೇನ್‌ಕೋಟು ಮನುಷ್ಯನಾಗುತ್ತದೆ. ಪರದೆಯ ಹೂವು ಮುಖವಾಗುತ್ತದೆ. ಈ ಹಂತದಲ್ಲಿ ಅವರಿಗೇ ಗೊತ್ತಿರುತ್ತದೆ, ಇದು ನಿಜವಲ್ಲ ಅಂತ. ಆಮೇಲೆ ಪೂರ್ತಿ ಆಕಾರ ಬರುತ್ತದೆ: ಮಕ್ಕಳು, ನಾಯಿ, ಇರುವೆ ಸಾಲು, ತೀರಿಹೋದ ಅಣ್ಣ. ಹೆಚ್ಚಾಗಿ ಅವರು ಮಾತಾಡುವುದಿಲ್ಲ. ಸುಮ್ನೆ ಕೂತಿರುತ್ತಾರೆ, ಇಲ್ಲವೇ ಹಾದುಹೋಗುತ್ತಾರೆ. ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ ದನಿ ಕೇಳುವುದು ಜಾಸ್ತಿ, ಇಲ್ಲಿ ಕಾಣುವುದು ಜಾಸ್ತಿ.

ಬೆನ್ನ ಹಿಂದೆ ಯಾರೋ ನಿಂತ ಅನುಭವದ ಬಗ್ಗೆ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 2014ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಆರೋಗ್ಯವಂತರ ಕಣ್ಣು ಕಟ್ಟಿ, ಅವರು ಮುಂದೆ ಕೈ ಆಡಿಸಿದ ಹಾಗೆಯೇ ಹಿಂದಿನಿಂದ ಒಂದು ಯಂತ್ರ ಅವರ ಬೆನ್ನು ಮುಟ್ಟುವಂತೆ ಮಾಡಿದರು. ಮುಟ್ಟುವುದು ಸ್ವಲ್ಪ ತಡವಾದರೆ ಸಾಕು, ಕೆಲವರಿಗೆ ಹಿಂದೆ ಯಾರೋ ನಿಂತಿದ್ದಾರೆ ಅನಿಸಿತು. ಕೆಲವರು ಹೆದರಿ ನಿಲ್ಲಿಸಿ ಅಂದರು. ನಮ್ಮ ಮೈ ಎಲ್ಲಿದೆ, ಏನು ಮಾಡುತ್ತಿದೆ ಎಂಬ ಲೆಕ್ಕ ಮಿದುಳಿನಲ್ಲಿ ಸ್ವಲ್ಪ ತಪ್ಪಿದರೂ ಇನ್ನೊಬ್ಬ ಮನುಷ್ಯ ಹುಟ್ಟಿಬಿಡುತ್ತಾನೆ. ಇದನ್ನು ಓದಿದ ದಿನ ನನಗೆ ದೊಡ್ಡ ಸಮಾಧಾನ ಆಯಿತು.

ಕಾಣುವುದು ಯಾಕೆ? ಮಿದುಳಿನ ಕೆಳಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳಿವೆ. ಕೈಕಾಲು ಸಲೀಸಾಗಿ ಆಡಲು ಅದು ಬೇಕು. ಪಾರ್ಕಿನ್ಸನ್ನಿನಲ್ಲಿ ಅವು ಸಾಯುತ್ತಾ ಹೋಗುತ್ತವೆ. ಅದಕ್ಕೇ ನಡಿಗೆ ನಿಧಾನ, ಮೈ ಬಿಗಿ, ಕೈ ನಡುಕ. ಆ ಕೋಶಗಳೊಳಗೆ ಒಂದು ಪ್ರೋಟೀನು ಮುದ್ದೆಯಾಗಿ ಕೂಡುತ್ತದೆ. 1912ರಲ್ಲಿ ಅದನ್ನು ವಿವರಿಸಿದ ವೈದ್ಯನ ಹೆಸರಿನಲ್ಲಿ ಅವಕ್ಕೆ ಲೂಯಿ ಬಾಡಿ ಅನ್ನುತ್ತಾರೆ. ವರ್ಷ ಕಳೆದಂತೆ ಈ ಮುದ್ದೆಗಳು ಮಿದುಳಿನ ಮೇಲ್ಭಾಗಕ್ಕೂ ಹಬ್ಬುತ್ತವೆ. ನೋಡುವ, ಗಮನ ಕೊಡುವ ಭಾಗಗಳು ಸೊರಗುತ್ತವೆ. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವೂ ಕಡಿಮೆಯಾಗುತ್ತದೆ. ಸಿರೊಟೋನಿನ್ ಎಂಬ ಮತ್ತೊಂದು ರಾಸಾಯನಿಕದ ಲೆಕ್ಕವೂ ತಪ್ಪುತ್ತದೆ. ಕಣ್ಣಿನಿಂದ ಬರುವ ಚಿತ್ರ ಮಸುಕು. ಆ ಮಸುಕನ್ನು ಮಿದುಳು ತನ್ನ ಹಳೇ ಸಂಗ್ರಹದಿಂದ ತುಂಬುತ್ತದೆ. ಇದು ಸರಿಯಾ ತಪ್ಪಾ ಅಂತ ನೋಡುವ ಕಾವಲುಗಾರನಿಗೆ ನಿದ್ದೆ. ಹಾಗಾಗಿ ಅಪ್ಪಯ್ಯನಿಗೆ ಕಂಡದ್ದು ಹೋಟೆಲಿನ ಹುಡುಗರು.

ಇದಕ್ಕೆ ಔಷಧಿ ಸೇರಿಕೊಳ್ಳುತ್ತದೆ. ಪಾರ್ಕಿನ್ಸನ್ನಿಗೆ ಇವತ್ತಿಗೂ ಮುಖ್ಯ ಔಷಧಿ ಲೆವೊಡೋಪ, ಅದರ ಜೊತೆ ಕಾರ್ಬಿಡೋಪ. ನಮ್ಮ ಮನೆಗಳಲ್ಲಿ ಹೆಚ್ಚಿನವರಿಗೆ ಸಿಂಡೋಪಾ ಅಂದರೆ ಗೊತ್ತಾಗುತ್ತದೆ. ಅದು ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಆದರೆ ಕೈಕಾಲು ಆಡಿಸುವ ಜಾಗಕ್ಕೆ ಮಾತ್ರ ಹೋಗು ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಭಾವನೆ, ಕಲ್ಪನೆಗಳ ಜಾಗಕ್ಕೂ ಹೋಗುತ್ತದೆ. ಅಲ್ಲಿ ಡೋಪಮೈನ್ ಜಾಸ್ತಿಯಾದರೆ ಭ್ರಮೆ. ಕಡಿಮೆ ಮಾಡಿದರೆ ಮನುಷ್ಯ ಕುರ್ಚಿಯಿಂದ ಏಳಲಾರ. ಚಿಕಿತ್ಸೆಯ ಕಷ್ಟವೆಲ್ಲ ಇರುವುದು ಇಲ್ಲೇ. ನಸುಗುನ್ನಿ ಬೀಜದ ಪುಡಿಯಲ್ಲೂ ಇರುವುದು ಇದೇ ಲೆವೊಡೋಪ. ಆಯುರ್ವೇದದ್ದು, ಏನೂ ಆಗಲ್ಲ ಅಂತ ಡಾಕ್ಟರಿಗೆ ಹೇಳದೆ ಅದನ್ನೂ ಜೊತೆಗೆ ಕೊಡುವವರಿದ್ದಾರೆ. ಅದೂ ಲೆಕ್ಕಕ್ಕೆ ಬರಬೇಕು.

ಹಾಗಾದರೆ ಮೊದಲು ಏನು ಮಾಡಬೇಕು? ಬೇರೆ ಕಾರಣ ಹುಡುಕಬೇಕು. ಅದರಲ್ಲೂ ಭ್ರಮೆ ಎರಡು ಮೂರು ದಿನದಲ್ಲಿ ಏಕಾಏಕಿ ಬಂದರೆ, ಇಲ್ಲವೇ ಇದ್ದದ್ದು ಒಮ್ಮೆಲೇ ಜೋರಾದರೆ. ಉರಿಮೂತ್ರದ ಸೋಂಕು, ಎದೆಯ ಸೋಂಕು, ನೀರು ಕಡಿಮೆ ಕುಡಿದದ್ದು, ರಕ್ತದಲ್ಲಿ ಸೋಡಿಯಂ ಇಳಿದದ್ದು, ನಾಲ್ಕು ದಿನ ಮಲಬದ್ಧತೆ. ಎಂಬತ್ತರ ಹತ್ತಿರದವರಿಗೆ ಇಷ್ಟರಲ್ಲಿ ಯಾವುದೊಂದಾದರೂ ತಲೆ ಕೆಡಲು ಸಾಕು. ಜ್ವರ ಬರಲೇಬೇಕು ಅಂತಿಲ್ಲ. ಮುಂಬಯಿಯ ಅಕ್ಟೋಬರ್ ಸೆಕೆಯಲ್ಲಿ, ಮೂತ್ರಕ್ಕೆ ಎದ್ದು ಹೋಗುವುದು ಕಷ್ಟ ಅಂತ ನೀರೇ ಬಿಡುವ ಹಿರಿಯರು ಎಷ್ಟಿಲ್ಲ? ಹೊಸದಾಗಿ ಸೇರಿದ ಮಾತ್ರೆ ಯಾವುದು ಅಂತಲೂ ನೋಡಬೇಕು. ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆ, ಶೀತದ ಮಾತ್ರೆ, ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ, ಎಲ್ಲವೂ ಮಂಕು ಕವಿಸಬಲ್ಲವು. ಕಣ್ಣನ್ನೂ ಮರೆಯಬಾರದು. ಪೊರೆ ಬಂದ ಕಣ್ಣಿಗೆ ಭ್ರಮೆ ಬೇಗ ಕಾಣುತ್ತದೆ. ನಮ್ಮ ಅಪ್ಪಯ್ಯನ ಬಲಗಣ್ಣಿನ ಪೊರೆ ತೆಗೆಸುವುದನ್ನು "ಆಮೇಲೆ ನೋಡುವ" ಅಂತ ಮೂರು ವರ್ಷ ಮುಂದೂಡಿದ್ದೆವು.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಡಿಸೆಂಬರಿನಲ್ಲಿ ಅಪ್ಪಯ್ಯನಿಗೆ ಚಳಿಜ್ವರ ಬಂತು. ಉಪನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು ಅಂದರು. ಎರಡನೇ ರಾತ್ರಿ ಅವರಿಗೆ ವಾರ್ಡಿನ ನೆಲವೆಲ್ಲ ನೀರಾಗಿ ಕಂಡಿತು. ಮಕ್ಕಳು ಮುಳುಗುತ್ತಾರೆ ಅಂತ ಸಲೈನಿನ ಸೂಜಿ ಕಿತ್ತು ಇಳಿಯಲು ನೋಡಿದರು. ಡ್ಯೂಟಿಯಲ್ಲಿದ್ದ ಡಾಕ್ಟರು ಒಂದು ಇಂಜೆಕ್ಷನ್ ಬರೆದರು, ನರ್ಸ್ ಕೊಟ್ಟರು. ಬೆಳಿಗ್ಗೆ ಅಪ್ಪಯ್ಯ ಮರದ ಕೊರಡಿನ ಹಾಗೆ ಬಿದ್ದಿದ್ದರು. ಕುತ್ತಿಗೆ ತಿರುಗದು, ರೆಪ್ಪೆ ಬಡಿಯದು. ಅಮ್ಮ ಚಮಚದಲ್ಲಿ ಕೊಟ್ಟ ಗಂಜಿ ನೀರು ಬಾಯಿಯ ಬದಿಯಿಂದ ಇಳಿದು ಕುತ್ತಿಗೆಗೆ ಹೋಗುತ್ತಿತ್ತು. ಆರು ದಿನ ಹೀಗೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಆಮೇಲೆ ಹೆಸರು ಓದಿದೆ: ಹ್ಯಾಲೊಪೆರಿಡಾಲ್.

ಆ ಡಾಕ್ಟರದು ಕೆಟ್ಟ ಮನಸ್ಸಲ್ಲ. ವಾರ್ಡಿನಲ್ಲಿ ಯಾರಾದರೂ ಕೂಗಾಡಿದರೆ ಎಲ್ಲ ಕಡೆ ಮೊದಲು ಕೈಗೆ ಸಿಗುವ ಔಷಧಿ ಅದು. ಆದರೆ ಅದು ಡೋಪಮೈನಿಗೆ ಅಡ್ಡ ನಿಲ್ಲುತ್ತದೆ. ಮೊದಲೇ ಡೋಪಮೈನ್ ಇಲ್ಲದ ಮನುಷ್ಯನಿಗೆ ಇದ್ದಷ್ಟನ್ನೂ ತಡೆದ ಹಾಗೆ. ರಿಸ್ಪೆರಿಡೋನ್, ಒಲಾಂಜಪೀನ್ ಕೂಡ ಪಾರ್ಕಿನ್ಸನ್ ಇದ್ದವರಿಗೆ ಒಗ್ಗುವುದಿಲ್ಲ. ಇನ್ನೂ ಮುಖ್ಯವಾದ ಮಾತು: ಡೋಪಮೈನ್ ತಡೆಯುವ ಔಷಧಿ ಮನೋರೋಗದ ಮಾತ್ರೆಯಲ್ಲಿ ಮಾತ್ರ ಇರುವುದಲ್ಲ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೋಕ್ಲೋರ್‌ಪೆರಜೀನ್‌ನಲ್ಲಿ ಇದೆ. ತಲೆಸುತ್ತಿಗೆ ಕೊಡುವ ಸಿನರಿಜೀನ್, ಫ್ಲುನರಿಜೀನ್‌ನಿಂದಲೂ ಇದೇ ತೊಂದರೆ. ಗ್ಯಾಸಿನ ಗುಳಿಗೆ ಅಂತ ನಾವು ಚಿಲ್ಲರೆ ಮಾತ್ರೆಯ ಹಾಗೆ ನುಂಗುವ ಕ್ಯಾಪ್ಸೂಲುಗಳಲ್ಲಿ ಪ್ಯಾಂಟೊಪ್ರಜೋಲ್ ಅಥವಾ ರೆಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿಸಿದ್ದು ಇರುತ್ತದೆ. ಅದೂ ಇದೇ ಜಾತಿ. ಪಾರ್ಕಿನ್ಸನ್ ಇಲ್ಲದವರಿಗೂ ಅದು ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ನಡುಕ ಬರಬಲ್ಲದು. ಈ ಪಟ್ಟಿಯನ್ನು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಆಧಾರ್ ಕಾರ್ಡಿನ ಜೊತೆ ಫೈಲಿನಲ್ಲಿಡಿ. ಆಸ್ಪತ್ರೆಗೆ ಹೋದ ಕ್ಷಣ ಅದನ್ನೇ ಮೊದಲು ತೋರಿಸಿ. ನಾನು ಈಗ ಹಾಗೇ ಮಾಡುತ್ತೇನೆ.

ಕಾರಣ ಹುಡುಕಿಯೂ ಭ್ರಮೆ ನಿಲ್ಲದಿದ್ದರೆ ನ್ಯೂರಾಲಜಿಸ್ಟ್ ಪಾರ್ಕಿನ್ಸನ್ನಿನ ಮಾತ್ರೆಗಳನ್ನೇ ಒಂದೊಂದಾಗಿ ಕಡಿಮೆ ಮಾಡುತ್ತಾರೆ. ಇದರಲ್ಲೂ ಸರದಿ ಇದೆ. ಮೊದಲು ಹೋಗಬೇಕಾದ್ದು ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ಬಹಳ ಹಳೆಯ, ಬಹಳ ಅಗ್ಗದ ಮಾತ್ರೆ. ಹಿರಿಯರಿಗೆ ಮರೆವು, ಮಂಕು, ಭ್ರಮೆ ತರುವುದರಲ್ಲಿ ಇದೇ ಮುಂದೆ. ಆಮೇಲೆ ಅಮಾಂಟಡೀನ್. ಆಮೇಲೆ ಸೆಲೆಜಿಲಿನ್, ರಾಸಜಿಲಿನ್. ಅದಾದ ಮೇಲೆ ಪ್ರಮಿಪೆಕ್ಸೋಲ್, ರೋಪಿನಿರೋಲ್. ನಂತರ ಎಂಟಕಪೋನ್. ಲೆವೊಡೋಪವನ್ನು ಮುಟ್ಟುವುದು ಕೊನೆಗೆ, ಅದೂ ಎಷ್ಟು ಬೇಕೋ ಅಷ್ಟೇ. ಡಾಕ್ಟರ್ ರೋಗಿಯನ್ನು ನೋಡಿ ಈ ಸರದಿಯನ್ನು ಹಿಂದೆ ಮುಂದೆ ಮಾಡಬಹುದು. ಇದನ್ನು ನಾವು ಮನೆಯಲ್ಲಿ ಮಾಡಲೇಬಾರದು. ಮಾತ್ರೆಯಿಂದಲೇ ಹೀಗಾಗಿದೆ ಅಂತ ಒಂದೇ ದಿನ ಎಲ್ಲ ನಿಲ್ಲಿಸಿದರೆ ವಿಪರೀತ ಜ್ವರ ಬಂದು, ಮೈ ಸೆಟೆದು, ಪ್ರಾಣಕ್ಕೇ ಅಪಾಯ ಆಗಬಹುದು. ಅಪ್ಪಯ್ಯನಿಗೆ ಟ್ರೈಹೆಕ್ಸಿಫೆನಿಡಿಲ್ ಹನ್ನೊಂದು ವರ್ಷದಿಂದ ನಡೆಯುತ್ತಿತ್ತು. ಮೊದಲ ಡಾಕ್ಟರು ಬರೆದದ್ದು. ಆಮೇಲೆ ಬಂದ ಯಾರೂ ತೆಗೆದಿರಲಿಲ್ಲ, ನಾವೂ ಕೇಳಿರಲಿಲ್ಲ. ಅದನ್ನು ಆರು ವಾರ ತೆಗೆದುಕೊಂಡು ಮೆಲ್ಲಗೆ ಬಿಡಿಸಿದರು. ಹುಡುಗರು ದಿನಾ ಬರುತ್ತಿದ್ದವರು ವಾರಕ್ಕೆರಡು ಸಲ ಬರತೊಡಗಿದರು.

ಇಷ್ಟಾದ ಮೇಲೂ ಭ್ರಮೆ ಹಿಂಸೆ ಕೊಡುತ್ತಿದ್ದರೆ ಮಾತ್ರ ಅದಕ್ಕೆಂದೇ ಬೇರೆ ಔಷಧಿ. ಇಲ್ಲಿ ಗಟ್ಟಿ ಪುರಾವೆ ಇರುವುದು ಕ್ಲೋಜಪೀನ್ ಎಂಬ ಮಾತ್ರೆಗೆ. 1999ರಲ್ಲಿ ಅಮೆರಿಕದಲ್ಲಿ ಮತ್ತು ಫ್ರಾನ್ಸಿನಲ್ಲಿ ನಡೆದ ಎರಡು ಪ್ರಯೋಗಗಳಲ್ಲಿ, ನಡುಕ ಬಿಗಿತ ಹೆಚ್ಚಿಸದೆ ಅದು ಭ್ರಮೆ ಇಳಿಸಿತು. ಪ್ರಮಾಣ ಬಹಳ ಸಣ್ಣದು. 6.25 ಮಿಲಿಗ್ರಾಮಿನಿಂದ ಶುರು, ಹೆಚ್ಚೆಂದರೆ 50. ಸ್ಕಿಜೋಫ್ರೇನಿಯಾಗೆ ಇದೇ ಮಾತ್ರೆ 300, 400 ಮಿಲಿಗ್ರಾಮ್ ಹೋಗುತ್ತದೆ. ಮತ್ತೆ ಇದನ್ನು ಎಲ್ಲರೂ ಯಾಕೆ ಬರೆಯುವುದಿಲ್ಲ? ಕೆಲವರಲ್ಲಿ ಅದು ರಕ್ತದ ಬಿಳಿ ಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಹೀಗೆ ಸಾವುಗಳಾದವು. ಅದಕ್ಕೇ ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಆಗಬೇಕು. ನೂರರಲ್ಲಿ ಒಬ್ಬರಿಗೋ, ಅದಕ್ಕಿಂತ ಕಡಿಮೆಯೋ ಆಗುವ ತೊಂದರೆ ಇದು. ಆದರೆ ಎಚ್ಚರ ತಪ್ಪಬಾರದು. ಈಗ ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆಯುತ್ತಾರೆ. ಹೀಗಿರುವಾಗ ರಕ್ತದ ಕಣ ಎಣಿಸುವ ಒಂದು ಸಿಬಿಸಿ ಪರೀಕ್ಷೆಗೆ ಹೆದರಿ ಒಳ್ಳೆಯ ಔಷಧಿಯನ್ನು ದೂರ ಇಡುವುದು ಸರಿಯಲ್ಲ ಅಂತ ನನ್ನ ಅನಿಸಿಕೆ. ಬೇಕೇ ಬೇಡವೇ ಎಂಬುದು ಡಾಕ್ಟರದೇ ತೀರ್ಮಾನ. ಕೇಳಿ ನೋಡುವ ಹಕ್ಕು ನಮ್ಮದು.

ಹೆಚ್ಚಿನ ಡಾಕ್ಟರುಗಳು ಬರೆಯುವುದು ಕ್ವೆಟಿಯಪೀನ್. ರಾತ್ರಿ ಮಲಗುವಾಗ 12.5 ಅಥವಾ 25 ಮಿಲಿಗ್ರಾಮ್. ರಕ್ತ ಪರೀಕ್ಷೆಯ ತಾಪತ್ರಯ ಇಲ್ಲ, ನಿದ್ದೆಯೂ ಬರುತ್ತದೆ, ನಡುಕವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಆದರೆ ಪ್ರಯೋಗಗಳಲ್ಲಿ ಅದರ ಫಲ ಒಂದೇ ಸಮ ಕಂಡಿಲ್ಲ. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಬರೀ ಮಂಪರು. ನಿಂತಾಗ ಬಿಪಿ ಇಳಿದು ಬೀಳುವ ಭಯವೂ ಇದೆ. ಪಿಮವಾನ್ಸರಿನ್ ಎಂಬ ಔಷಧಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಪಾರ್ಕಿನ್ಸನ್ನಿನ ಭ್ರಮೆಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧಿ ಅದು. ಡೋಪಮೈನನ್ನು ಮುಟ್ಟದೆ ಸಿರೊಟೋನಿನ್ನಿನ ಬಾಗಿಲಲ್ಲಿ ಕೆಲಸ ಮಾಡುತ್ತದೆ, ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮರೆವೂ ಜೊತೆಗಿದ್ದರೆ ರಿವಾಸ್ಟಿಗ್ಮಿನ್ ಮಾತ್ರೆ ಅಥವಾ ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೊಡುತ್ತಾರೆ. ಅದರಿಂದ ಭ್ರಮೆಯೂ ಸ್ವಲ್ಪ ತಗ್ಗುವುದುಂಟು.

ಒಂದು ಎಚ್ಚರಿಕೆ ಕ್ಲೋಜಪೀನ್, ಕ್ವೆಟಿಯಪೀನ್ ತರಹದ ಔಷಧಿಗಳ ಇಡೀ ಗುಂಪಿಗೆ ಸೇರಿದ್ದು. 2005ರಲ್ಲಿ ಎಫ್‌ಡಿಎ ಈ ತರಹದ ಔಷಧಿಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಮರೆವಿನ ಕಾಯಿಲೆ ಇರುವ ಹಿರಿಯರ ಮೇಲೆ ನಡೆದ 17 ಪ್ರಯೋಗಗಳಲ್ಲಿ, ಔಷಧಿ ತೆಗೆದುಕೊಂಡವರಲ್ಲಿ ಸಾವು ಸುಮಾರು ಶೇಕಡಾ 4.5, ಬರೀ ಸಕ್ಕರೆ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 2.6. ಹಾಗಾಗಿ ಹುಡುಗರು ಸುಮ್ನೆ ಕಪಾಟಿನ ಮೇಲೆ ಕೂತಿದ್ದರೆ, ಅಪ್ಪಯ್ಯನಿಗೆ ಅದರಿಂದ ಹೆದರಿಕೆ ಇಲ್ಲದಿದ್ದರೆ, ಮಾತ್ರೆ ಬೇಕೇ ಬೇಕಾ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸುಮ್ನೆ ಬಿಡಲೂ ಆಗದು. ನಿಜವಲ್ಲ ಅಂತ ಗೊತ್ತಿದ್ದ ಸೌಮ್ಯ ಭ್ರಮೆಯ 48 ರೋಗಿಗಳನ್ನು ಮೂರು ವರ್ಷ ನೋಡಿದಾಗ, ಹತ್ತರಲ್ಲಿ ಎಂಟು ಮಂದಿಗೆ ಅದು ಮುಂದಿನ ಹಂತಕ್ಕೆ ಹೋಗಿತ್ತು. ಮಾತ್ರೆ ಕೊಡದಿದ್ದರೂ ಕಣ್ಣಿಡಲೇಬೇಕು.

ಮುಂದಿನ ಹಂತದ ಬಗ್ಗೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅದು ಅನುಮಾನ. ದುಡ್ಡು ಕದ್ದರು, ಊಟಕ್ಕೆ ಏನೋ ಹಾಕಿದರು, ಇದು ನನ್ನ ಮನೆಯಲ್ಲ. ಎಲ್ಲಕ್ಕಿಂತ ಕಷ್ಟದ್ದು ಹೆಂಡತಿಯ ಮೇಲಿನ ಅನುಮಾನ. ಪಾರ್ಕಿನ್ಸನ್ನಿನಲ್ಲಿ ಇದು ಹೊಸದಲ್ಲ, ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ. ನಮ್ಮ ಪರಿಚಯದ ಒಬ್ಬರು ಅಮ್ಮ, ಎಪ್ಪತ್ತೆರಡು ವಯಸ್ಸು, ಎರಡು ವರ್ಷ ಇದನ್ನು ನುಂಗಿಕೊಂಡಿದ್ದರು. ಹಾಲಿನವನು ಬೆಲ್ ಮಾಡಿದರೆ ಬಾಗಿಲು ತೆಗೆಯಲು ಹೆದರುತ್ತಿದ್ದರು. ಮಗನಿಗೆ ಹೇಗೆ ಹೇಳುವುದು, ಸೊಸೆಗೆ ಹೇಗೆ ಹೇಳುವುದು? ಕೊನೆಗೆ ಅಡುಗೆಮನೆಯಲ್ಲಿ ತೊಗರಿಬೇಳೆ ಆರಿಸುತ್ತಾ, ತಲೆ ಎತ್ತದೆ ನನ್ನ ಅಮ್ಮನಿಗೆ ಹೇಳಿದರು. "ಐವತ್ತು ವರ್ಷ ಬಾಳಿದ್ದೇವೆ. ಈಗ ಇವರು ನನ್ನನ್ನು ಹೀಗೆ ಅಂತಾರೆ." ಆ ತಟ್ಟೆ ಬೇಳೆಯನ್ನು ಅವರು ಮೂರು ಸಲ ಆರಿಸಿದರಂತೆ. ಅದು ಅವರ ಗಂಡನ ಮಾತಲ್ಲ, ಕಾಯಿಲೆಯ ಮಾತು ಅಂತ ಹೇಳುವವರು ಎರಡು ವರ್ಷದಲ್ಲಿ ಒಬ್ಬರೂ ಸಿಗಲಿಲ್ಲ. ಪಾರ್ಕಿನ್ಸನ್ ಇರುವ ಗಂಡನನ್ನು ಡಾಕ್ಟರ ಹತ್ತಿರ ಕರೆದೊಯ್ದಾಗ ಹೆಂಡತಿಯನ್ನು ಬೇರೆಯಾಗಿ ಐದು ನಿಮಿಷ ಮಾತಾಡಿಸಬೇಕು. ಗಂಡನ ಎದುರು ಅವರು ಇದನ್ನು ಹೇಳುವುದಿಲ್ಲ. ಮಗ ಎದುರಿಗಿದ್ದರೂ ಹೇಳುವುದಿಲ್ಲ.

ಇನ್ನು ಭಾಷೆಯ ಮಾತು. ಹೊರನಾಡಿನಲ್ಲಿರುವ ನಮಗೆ ಇದು ದೊಡ್ಡ ತೊಡಕು. ಜ್ವರದ ಮೊದಲೇ, ಸೆಪ್ಟೆಂಬರಿನಲ್ಲಿ, ಡಾಕ್ಟರು ಅಪ್ಪಯ್ಯನನ್ನು ಹಿಂದಿಯಲ್ಲಿ ಕೇಳಿದ್ದರು: "ಕುಛ್ ದಿಖ್ತಾ ಹೈ ಕ್ಯಾ, ಕಾಕಾ?" ಏನಾದರೂ ಕಾಣುತ್ತದಾ ಅಂತ. ಅಪ್ಪಯ್ಯ ಕನ್ನಡಕ ಮುಟ್ಟಿಕೊಂಡು "ಹಾಂ, ಅಚ್ಛಾ ದಿಖ್ತಾ ಹೈ" ಅಂದರು, ಕಣ್ಣು ಚೆನ್ನಾಗಿ ಕಾಣುತ್ತದೆ ಅಂತ. ಡಾಕ್ಟರು ತಲೆಯಾಡಿಸಿ ಮುಂದೆ ಹೋದರು. ನಾನು ಪಕ್ಕದಲ್ಲೇ ಕೂತಿದ್ದೆ. ಅರವತ್ತು ವರ್ಷ ಹಿಂದಿ, ಮರಾಠಿಯಲ್ಲಿ ಗಿರಾಕಿಗಳ ಜೊತೆ ವ್ಯವಹಾರ ಮಾಡಿದವರು ಅಪ್ಪಯ್ಯ. ಆದರೆ ಈಗ ಆ ಭಾಷೆಗಳು ಅವರಿಂದ ಒಂದೊಂದಾಗಿ ಕಳಚಿಕೊಳ್ಳುತ್ತಿವೆ. ಉಳಿದಿರುವುದು ಕುಂದಾಪುರದ ಮಾತು. ಹಾಗಾಗಿ ಕೇಳುವ ಕೆಲಸ ಮನೆಯವರದ್ದೇ. "ಬೇರೆಯವರಿಗೆ ಕಾಣದ್ದು ಏನಾದರೂ ನಿಮಗೆ ಕಾಣುತ್ತದಾ? ಹಿಂದೆ ಯಾರೋ ಇದ್ದ ಹಾಗೆ ಅನಿಸುತ್ತದಾ? ಕಂಡರೆ ಹೆದರಿಕೆ ಆಗುತ್ತದಾ?" ಇಷ್ಟೇ. ಅವರವರ ಮನೆ ಮಾತಲ್ಲಿ, ತುಳುವಿನಲ್ಲೋ ಕೊಂಕಣಿಯಲ್ಲೋ ಧಾರವಾಡದ ಕನ್ನಡದಲ್ಲೋ ಕೇಳಬೇಕು. ಕೇಳಿದರೆ ಭ್ರಮೆ ಬರುತ್ತದೆ ಎಂಬ ಭಯ ಬೇಡ. ಹಾಗಾಗುವುದಿಲ್ಲ.

ಊರಿಂದ ಅತ್ತೆ ಫೋನ್ ಮಾಡಿ ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸಿ ಅಂದರು. ಅಪ್ಪಯ್ಯನ ಅಕ್ಕ ಅವರು, ತಮ್ಮನ ಮೇಲಿನ ಪ್ರೀತಿಯಿಂದ ಹೇಳಿದ್ದು. ನಾವು ಊರಿನ ದೇವಸ್ಥಾನದಲ್ಲಿ ಒಂದು ಪೂಜೆ ಮಾಡಿಸಿದೆವು. ಅಮ್ಮನಿಗೆ ಅದರಿಂದ ನೆಮ್ಮದಿಯಾಯಿತು, ಅದು ಸಣ್ಣದಲ್ಲ. ಆದರೆ ಉಪವಾಸ, ರಾತ್ರಿ ಜಾಗರಣೆ, ಹೆದರಿಸುವುದು, ಮಾತ್ರೆ ನಿಲ್ಲಿಸುವುದು, ಇಷ್ಟಕ್ಕೆ ಯಾರು ಹೇಳಿದರೂ ಒಪ್ಪಬಾರದು. ನಿದ್ದೆ ಕೆಟ್ಟರೆ ಭ್ರಮೆ ಇಮ್ಮಡಿಯಾಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಸಣ್ಣ ಸಣ್ಣ ಕೆಲಸ. ರೇನ್‌ಕೋಟು, ಧೋತ್ರ, ಚೀಲ ಯಾವುದನ್ನೂ ಮಲಗುವ ಕೋಣೆಯ ಗೂಟಕ್ಕೆ ತೂಗುಹಾಕುವುದಿಲ್ಲ. ಕಪಾಟಿನ ಮೇಲಿದ್ದ ಎರಡು ಸೂಟ್‌ಕೇಸ್ ಇಳಿಸಿದೆವು. ಕಪಾಟಿನ ಕನ್ನಡಿಗೆ ಬಿಳಿ ಬಟ್ಟೆ ಹಾಕಿದೆವು. ಬೀದಿ ದೀಪ ಗ್ರಿಲ್ಲಿನ ಮೂಲಕ ಗೋಡೆ ಮೇಲೆ ನೆರಳು ಚೆಲ್ಲುತ್ತಿತ್ತು, ದಪ್ಪ ಪರದೆ ಹಾಕಿ ಒಳಗೆ ಸಣ್ಣ ದೀಪ ಉರಿಸುತ್ತೇವೆ. ಅವರು ಏನಾದರೂ ಕಂಡಿತು ಅಂದರೆ ವಾದ ಮಾಡುವುದಿಲ್ಲ. "ಹೌದು ಹೌದು, ನನಗೂ ಕಾಣುತ್ತೆ" ಅಂತ ಸುಳ್ಳೂ ಹೇಳುವುದಿಲ್ಲ. "ನಂಗೆ ಕಾಣ್ತಿಲ್ಲ ಅಪ್ಪಯ್ಯ, ನಿಮ್ಗೆ ಕಾಣ್ತಾ ಉಂಟು ಅಂತ ಗೊತ್ತಾಯ್ತು, ನಾನ್ ಇಲ್ಲೇ ಇದ್ದೆ" ಅಂತ ಕೈ ಹಿಡಿದು ದೀಪ ಹಾಕುತ್ತೇವೆ. ಅಮ್ಮನ ದಾರಿ ಬೇರೆ. "ಮಕ್ಳ ಚಿಂತೆ ಬಿಡಿ, ನಾನ್ ಕಾಣ್ತೆ. ನೀವ್ ಮನಿಕಣಿ" ಅನ್ನುತ್ತಾರೆ. ಪುಸ್ತಕದ ಪ್ರಕಾರ ಅದು ಸರಿಯೋ ಅಲ್ಲವೋ, ಅಪ್ಪಯ್ಯ ಮಲಗುತ್ತಾರೆ.

ಮುಂಬಯಿ, ಪುಣೆಯಲ್ಲಿ ಇರುವವರಿಗೆ ಒಂದು ಅನುಕೂಲವಿದೆ. 2001ರಲ್ಲಿ ಮುಂಬಯಿಯಲ್ಲಿ ಶುರುವಾದ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳನ್ನು ಮತ್ತು ಮನೆಯವರನ್ನು ಒಟ್ಟಿಗೆ ಕೂರಿಸಿ ವ್ಯಾಯಾಮ, ಮಾತುಕತೆ ನಡೆಸುತ್ತದೆ. ಪುಣೆಯಲ್ಲಿ ಪಾರ್ಕಿನ್ಸನ್ಸ್ ಮಿತ್ರಮಂಡಳ ಇದೆ. ಪರೇಲಿನ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ನ್ಯೂರಾಲಜಿ ವಿಭಾಗಗಳಿವೆ, ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಮಾತಾಡುತ್ತದೆ. ನೋಡಿಕೊಳ್ಳುವವರು ತಮಗಾಗಿಯೂ ಅಲ್ಲಿಗೆ ಫೋನ್ ಮಾಡಬಹುದು. ಹಿರಿಯರ ಸಹಾಯವಾಣಿ 14567.

ಇಲ್ಲದ್ದು ಯಾವುದು ಅಂದರೆ ಮನೆಯಲ್ಲಿ ಕೂತು ನೋಡಿಕೊಳ್ಳುವವರಿಗೆ ಆಸರೆ. 2024ರಲ್ಲಿ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದ 5 ಲಕ್ಷ ರೂಪಾಯಿಯ ರಕ್ಷೆ ಸಿಕ್ಕಿತು, ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ತಿಂಗಳು ತಿಂಗಳು ಕೊಳ್ಳುವ ಮಾತ್ರೆ, ವಾರದ ರಕ್ತ ಪರೀಕ್ಷೆ, ರಾತ್ರಿ ಎಚ್ಚರವಾಗಿ ಕೂರುವ ಆಯಾ, ಯಾವುದೂ ಅದರಲ್ಲಿ ಬರುವುದಿಲ್ಲ. ಪಾರ್ಕಿನ್ಸನ್ ರೋಗಿಗಳು ಮನೆ ಬಿಟ್ಟು ನರ್ಸಿಂಗ್ ಹೋಮ್ ಸೇರಲು ಭ್ರಮೆಯೇ ದೊಡ್ಡ ಕಾರಣ ಅಂತ ಅಮೆರಿಕದಲ್ಲಿ 1993ರಲ್ಲೇ ಹೇಳಿದರು. ನಮ್ಮಲ್ಲಿ ಅಂಥ ಜಾಗಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಭಾರವೆಲ್ಲ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎಪ್ಪತ್ತು ದಾಟಿದ ಹೆಂಡತಿಯ ಮೇಲೆ ಬೀಳುತ್ತದೆ. ನಮ್ಮ ಸಂಘಗಳು ಮುಂಬಯಿಯಲ್ಲಿ ಶಾಲೆ ಕಟ್ಟಿವೆ, ಸಭಾಂಗಣ ಕಟ್ಟಿವೆ, ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಿವೆ. ತಿಂಗಳಿಗೊಂದು ಮಧ್ಯಾಹ್ನ ಆ ಸಭಾಂಗಣದಲ್ಲಿ ಇಂಥ ಮನೆಯವರನ್ನು ಸೇರಿಸಿ, ಕನ್ನಡ ಬಲ್ಲ ಒಬ್ಬ ಡಾಕ್ಟರನ್ನು ಕೂರಿಸಬಹುದಲ್ವಾ? ನಾನು ನಮ್ಮ ಸಂಘದವರಿಗೆ ಪತ್ರ ಬರೆದಿದ್ದೇನೆ.

ಈಗ ಅಪ್ಪಯ್ಯನ ಕಣ್ಣಿನ ಪೊರೆ ತೆಗೆಸಿದ್ದೇವೆ. ರಾತ್ರಿ ಕ್ವೆಟಿಯಪೀನ್ 12.5 ನಡೆಯುತ್ತಿದೆ. ಡಾಕ್ಟರು ಒಂದು ನೋಟ್‌ಬುಕ್ ಇಡಲು ಹೇಳಿದರು: ಯಾವಾಗ ಕಂಡಿತು, ಏನು ಕಂಡಿತು, ಹೆದರಿದರಾ, ಮೊದಲು ಯಾವ ಮಾತ್ರೆ ಎಷ್ಟು ಗಂಟೆಗೆ ಆಗಿತ್ತು, ಅವತ್ತು ಹೊಟ್ಟೆ ಸರಿ ಇತ್ತಾ. ಮಗಳ ಹಳೇ ಶಾಲೆ ಪುಸ್ತಕದ ಉಳಿದ ಹಾಳೆಗಳಲ್ಲಿ ಅಮ್ಮ ಬರೆಯುತ್ತಾರೆ. ಮೊನ್ನೆ ಮಂಗಳವಾರದ್ದು ಹೀಗಿದೆ: "ರಾತ್ರಿ 2.10. ಒಬ್ಬನೇ ಹುಡುಗ. ಹೆದರಲಿಲ್ಲ. ಇನ್ನೊಬ್ಬ ಎಲ್ಲಿ ಅಂತ ಕೇಳಿದರು. ಊರಿಗೆ ಹೋದ ಅಂದೆ. ನೀರು ಕುಡಿದು ಮಲಗಿದರು."